ಮಡಕೆ ಚಿಹ್ನೆಯ ಪಕ್ಷ ಮತ್ತು ನಮ್ಮ ಕರಾವಳಿ: ಜಾತಿ ಭೇದದ ವಿರುದ್ಧ ಸಣ್ಣ ಪಕ್ಷವೊಂದು ಇಲ್ಲಿ ನಿಲ್ಲಬಹುದಾ?

ದಕ್ಕೆ ಮೆಕ್ಯಾನಿಕ್, ಮಂಗಳೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಮಂಗಳೂರು ದಕ್ಕೆಯಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವವನು. ನಮ್ಮ ಟ್ರಾಲ್ ಬೋಟುಗಳಿಗೆ ಕೆಲಸಕ್ಕೆ ಬರುವವರಲ್ಲಿ ತಮಿಳುನಾಡಿನವರೂ ತುಂಬಾ ಜನ ಉಂಟು. ಅವರಲ್ಲಿ ಒಬ್ಬ ಹುಡುಗ ನನಗೆ ತಮ್ಮನ ಹಾಗೆ. ಕಳೆದ ತಿಂಗಳು ಅವನ ತಂಗಿಯ ಮದುವೆಗೆ ಹೋಗಿದ್ದೆ. ಚಿದಂಬರದಿಂದ ಸ್ವಲ್ಪ ಒಳಗೆ ಅವರ ಊರು.

ಬಸ್ ಇಳಿದು ಅವರ ಕಾಲನಿಗೆ ನಡೆದು ಹೋಗಬೇಕು. ಕಾಲನಿ ಶುರುವಾಗುವ ಕಡೆ ಒಂದು ಎತ್ತರದ ಕಂಬ, ನಮ್ಮ ದೇವಸ್ಥಾನದ ಕೊಡಿಮರದ ಹಾಗೆ. ಅದರಲ್ಲಿ ನೀಲಿ, ಕೆಂಪು ಬಾವುಟ, ನಡುವೆ ನಕ್ಷತ್ರ. ಪಕ್ಕದ ಗೋಡೆಯಲ್ಲಿ ದೊಡ್ಡದೊಂದು ಮಡಕೆ ಬಿಡಿಸಿದ್ದರು. ಮದುವೆ ಮನೆಗೆಂದು ಬಿಡಿಸಿದ್ದಿರಬೇಕು ಅಂದುಕೊಂಡೆ. ಅದು ಪಕ್ಷದ ಚಿಹ್ನೆ ಅಂತ ಹುಡುಗ ಹೇಳಿದ.

ರಾತ್ರಿ ಊಟ ಆದ ಮೇಲೆ ಅವನ ತಂದೆಯ ಹತ್ತಿರ ಕೂತಿದ್ದೆ. ನನಗೆ ಅರ್ಧಂಬರ್ಧ ತಮಿಳು ಬರುತ್ತದೆ. ಈ ಪಕ್ಷದಿಂದ ನಿಮಗೆ ಸಿಕ್ಕಿದ್ದೇನು ಎಂದು ಕೇಳಿದೆ. ರಸ್ತೆ, ನೀರು, ಮನೆ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ಮೊದಲು ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಲು ಹೋದರೆ ಹೊರಗಿನ ಮರದ ಕೆಳಗೆ ಸಂಜೆವರೆಗೆ ನಿಲ್ಲಬೇಕಿತ್ತಂತೆ. ಈಗ ಪಕ್ಷದವರೊಬ್ಬರು ಜೊತೆಗೆ ಬರುತ್ತಾರೆ, ಒಳಗೆ ಕುರ್ಚಿ ಕೊಡುತ್ತಾರೆ, ದೂರು ಬರೆದುಕೊಳ್ಳುತ್ತಾರೆ. ಅಷ್ಟು ಹೇಳಿ ಅವರು ಸುಮ್ಮನಾದರು.

ವಾಪಸ್ ಬರುವಾಗ ರೈಲಿನಲ್ಲಿ ನನಗೆ ಅದೇ ಯೋಚನೆ. ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟೊಂದು ಸಂಘಟನೆಗಳಿವೆ. ಜಾತಿ ಭೇದದ ವಿರುದ್ಧವೇ ನಿಂತು ಮತ ಕೇಳುವ ನಮ್ಮದೇ ಒಂದು ಸಣ್ಣ ಪಕ್ಷ ಮಾತ್ರ ಯಾಕಿಲ್ಲ? ಬೇಡವಾ, ಅಥವಾ ಆಗುವುದಿಲ್ಲವಾ? ತಿಳಿದವರು ಹೇಳಿ.

ಬಂಟ್ವಾಳದ ವಕೀಲ

ಅಣ್ಣ, ನೀವು ನೋಡಿದ್ದು ವಿಡುದಲೈ ಚಿರುತ್ತೈಗಳ್ ಕಚ್ಚಿಯ ಬಾವುಟ. ಬಿಡುಗಡೆಯ ಚಿರತೆಗಳ ಪಕ್ಷ ಅಂತ ಅರ್ಥ. ಅವರ ಕಥೆ ಗೊತ್ತಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಅದು ಪಕ್ಷವಾಗಿ ಹುಟ್ಟಿದ್ದಲ್ಲ. 1982ರಲ್ಲಿ ಮದುರೆಯಲ್ಲಿ ಮಲೈಚ್ಚಾಮಿ ಅವರು ದಲಿತ ಪ್ಯಾಂಥರ್ಸ್ ಹೆಸರಲ್ಲಿ ಶುರು ಮಾಡಿದ ಸಂಘಟನೆ. ಅವರು ತೀರಿಕೊಂಡ ಮೇಲೆ 1990ರಲ್ಲಿ ತೋಳ್ ತಿರುಮಾವಳವನ್ ಅದರ ಹೊಣೆ ಹೊತ್ತರು. ಆಗ ಅವರು ಸರ್ಕಾರದ ಫೊರೆನ್ಸಿಕ್ ಇಲಾಖೆಯಲ್ಲಿ ನೌಕರಿಯಲ್ಲಿದ್ದರು. ಆ ಕಾಲದಲ್ಲಿ ಸಂಘಟನೆ ಚುನಾವಣೆಯನ್ನೇ ಬಹಿಷ್ಕರಿಸುತ್ತಿತ್ತು. 1999ರಲ್ಲಿ ಅವರು ನೌಕರಿ ಬಿಟ್ಟು ಚಿದಂಬರದಿಂದ ಲೋಕಸಭೆಗೆ ನಿಂತರು, ಸೋತರು.

ಬಹಿಷ್ಕಾರ ಬಿಟ್ಟು ಕಣಕ್ಕೆ ಇಳಿದದ್ದು ಯಾಕೆ ಅಂತ ತಿಳಿಯಬೇಕಾದರೆ ಮೇಲವಳವು ಎಂಬ ಊರಿನ ವಿಷಯ ಗೊತ್ತಿರಬೇಕು. ಮದುರೆ ಜಿಲ್ಲೆಯ ಊರು. 1996ರಲ್ಲಿ ಅಲ್ಲಿನ ಪಂಚಾಯತ್ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮುರುಗೇಶನ್ ಎಂಬವರು ಗೆದ್ದು ಅಧ್ಯಕ್ಷರಾದರು. 1997ರ ಜೂನ್ 30ರಂದು ಕಲೆಕ್ಟರ್ ಕಚೇರಿಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುವಾಗ ಅವರನ್ನೂ ಇನ್ನೂ 6 ಜನರನ್ನೂ ಕೊಂದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿಯಂಥ ಊರುಗಳಲ್ಲಿ 1996ರಿಂದ 2006ರವರೆಗೆ ಮೀಸಲು ಅಧ್ಯಕ್ಷ ಸ್ಥಾನಕ್ಕೆ ಸರಿಯಾಗಿ ಚುನಾವಣೆ ನಡೆಸಲಿಕ್ಕೇ ಬಿಡಲಿಲ್ಲ. ಕಾಗದದಲ್ಲಿ ಮೀಸಲಾತಿ ಇದ್ದರೂ ಬೆನ್ನ ಹಿಂದೆ ಯಾರಾದರೂ ಇಲ್ಲದಿದ್ದರೆ ಹೀಗಾಗುತ್ತದೆ.

ಇನ್ನೊಂದು ವಿಷಯ, ನಮ್ಮ ಊರಿನವರಿಗೆ ಕುತೂಹಲ ಅನಿಸಬಹುದು. ತಿರುಮಾವಳವನ್ ಮೊದಲ ಸಲ ಶಾಸಕರಾದದ್ದು 2001ರಲ್ಲಿ, ಮಂಗಳೂರು ಕ್ಷೇತ್ರದಿಂದ. ನಮ್ಮ ಮಂಗಳೂರಲ್ಲ. ಕಡಲೂರು ಜಿಲ್ಲೆಯಲ್ಲಿ ಆಗ ಅದೇ ಹೆಸರಿನ ಕ್ಷೇತ್ರ ಇತ್ತು.

ಆಮೇಲೆ ಏರಿಳಿತ. 2009ರಲ್ಲಿ ಚಿದಂಬರದಿಂದ ಲೋಕಸಭೆಗೆ ಗೆದ್ದರು, 2014ರಲ್ಲಿ ಸೋತರು. 2016ರ ವಿಧಾನಸಭೆಯಲ್ಲಿ ಬರೀ 87 ಮತದಿಂದ ಸೋತರು, ಪಕ್ಷಕ್ಕೆ ಒಂದೂ ಸ್ಥಾನ ಬರಲಿಲ್ಲ. 2019ರಲ್ಲಿ ಮತ್ತೆ ಚಿದಂಬರದಿಂದ ಲೋಕಸಭೆಗೆ 3,219 ಮತದಿಂದ ಗೆದ್ದರು. 2021ರಲ್ಲಿ 4 ಶಾಸಕರು. 2024ರಲ್ಲಿ ಚಿದಂಬರ, ವಿಳುಪ್ಪುರಂ ಎರಡೂ ಲೋಕಸಭಾ ಸ್ಥಾನ ಮಡಕೆ ಚಿಹ್ನೆಯಲ್ಲೇ ಬಂತು. ಚಿದಂಬರದಲ್ಲಿ ಅಂತರ 1 ಲಕ್ಷಕ್ಕೂ ಹೆಚ್ಚು. ಅದರಿಂದಲೇ ರಾಜ್ಯ ಪಕ್ಷದ ಮಾನ್ಯತೆಯೂ ಸಿಕ್ಕಿತು. ಒಂದು ರಾಜ್ಯದ ಪ್ರತಿ 25 ಲೋಕಸಭಾ ಸ್ಥಾನಕ್ಕೆ, ಅಥವಾ ಅದರಲ್ಲಿ ಉಳಿದ ತುಂಡಿಗೂ, ಒಂದು ಗೆಲ್ಲಬೇಕು ಎಂಬ ನಿಯಮ ಉಂಟು. ತಮಿಳುನಾಡಿನಲ್ಲಿ 39 ಸ್ಥಾನ, ಹಾಗಾಗಿ 2 ಸಾಕಾಯಿತು.

1982ರಿಂದ ಲೆಕ್ಕ ಹಾಕಿ. ಮಾನ್ಯತೆ ಸಿಗಲು 42 ವರ್ಷ ಬೇಕಾಯಿತು.

ಕಾರ್ಕಳದ ಕೃಷಿಕ

ವಕೀಲರು ಚೆನ್ನಾಗಿ ವಿವರಿಸಿದ್ದೀರಿ. ಆದರೆ ಲೆಕ್ಕ ನೋಡಿ ಮಾರಾಯ್ರೇ. ತಮಿಳುನಾಡಿನಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 20. ಕಡಲೂರು, ವಿಳುಪ್ಪುರಂ ಕಡೆ ಅದಕ್ಕಿಂತಲೂ ಜಾಸ್ತಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 7ರ ಆಸುಪಾಸು, ಉಡುಪಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದರಲ್ಲೂ ಮುಂಡಾಲ, ಮೇರ, ಬಾಕುಡ, ಅಜಿಲ, ಆದಿ ದ್ರಾವಿಡ ಅಂತ ಬೇರೆ ಬೇರೆ. ಕೊರಗರು, ಮಲೆಕುಡಿಯರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ. ಎರಡೂ ಜಿಲ್ಲೆ ಸೇರಿ ವಿಧಾನಸಭಾ ಕ್ಷೇತ್ರ 13, ಮೀಸಲು ಕ್ಷೇತ್ರ ಸುಳ್ಯ ಒಂದೇ.

ಇಂಥ ಕಡೆ ಸಣ್ಣ ಪಕ್ಷ ನಿಂತರೆ ಠೇವಣಿಯೂ ಉಳಿಯುವುದಿಲ್ಲ. ಮತ ಹಾಕಿದವರಿಗೆ ನಮ್ಮ ಮತ ಹಾಳಾಯಿತು ಎಂಬ ಬೇಸರ ಬರುತ್ತದೆ. ದೊಡ್ಡ ಪಕ್ಷದ ಒಳಗೇ ಇದ್ದು ಕೆಲಸ ಮಾಡಿಸಿಕೊಳ್ಳುವುದು ಒಳ್ಳೆಯದಲ್ವಾ? ನಾನು ವಿರೋಧಕ್ಕೆ ಹೇಳುತ್ತಿಲ್ಲ. ಆಗುವ ದಾರಿ ಯಾವುದು ಅಂತ ನೋಡಬೇಕು.

ಕಾಪು ಮೇಷ್ಟ್ರು

ಕಾರ್ಕಳದವರ ಲೆಕ್ಕ ಸರಿ ಇದೆ. ಆದರೆ ಜಾತಿ ಭೇದದ ವಿರುದ್ಧದ ಪಕ್ಷ ಅಂದರೆ ದಲಿತರ ಮತ ಮಾತ್ರ ಬೀಳುವ ಪಕ್ಷ ಅಂತ ಮೊದಲೇ ಯಾಕೆ ಅಂದುಕೊಳ್ಳಬೇಕು?

ಅಂಬೇಡ್ಕರ್ ಅವರು 1936ರಲ್ಲಿ ಕಟ್ಟಿದ ಮೊದಲ ಪಕ್ಷದ ಹೆಸರು ಸ್ವತಂತ್ರ ಕಾರ್ಮಿಕ ಪಕ್ಷ. ಅದರಲ್ಲಿ ಜಾತಿಯ ಹೆಸರಿಲ್ಲ. ಕೂಲಿಯವರು, ಗೇಣಿದಾರರು ಎಲ್ಲರೂ ಬರಲಿ ಎಂಬ ಆಸೆ. ಕೊಂಕಣದ ಖೋತಿ ಪದ್ಧತಿ ತೆಗೆಯಬೇಕು ಅಂತ ಬೊಂಬಾಯಿ ಶಾಸನಸಭೆಯಲ್ಲಿ ಅವರೇ ಮಸೂದೆ ಮಂಡಿಸಿದರು. ಖೋತಿ ಅಂದರೆ ಊರಿನ ಕಂದಾಯ ಎತ್ತುವ ಹಕ್ಕಿದ್ದ ಒಡೆಯರು ಗೇಣಿದಾರರನ್ನು ಹಿಂಡುತ್ತಿದ್ದ ಪದ್ಧತಿ, ನಮ್ಮ ಗೇಣಿಯ ದೊಡ್ಡಣ್ಣ ಅಂತ ತಿಳಿಯಿರಿ. 1942ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟ ಮಾಡಿದರು. ಕೊನೆಗೆ ಮತ್ತೆ ಎಲ್ಲರನ್ನೂ ಸೇರಿಸುವ ರಿಪಬ್ಲಿಕನ್ ಪಕ್ಷದ ಯೋಚನೆ ಮಾಡಿದರು. ಅದು 1957ರ ಅಕ್ಟೋಬರಿನಲ್ಲಿ ಶುರುವಾಗುವಾಗ ಅವರೇ ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯರೇ ಮೂರು ಸಲ ದಾರಿ ಬದಲಿಸಿ ನೋಡಿದ್ದಾರೆ. ಒಂದೇ ಸಲಕ್ಕೆ ಸರಿ ದಾರಿ ಸಿಗಬೇಕು ಅಂತ ನಾವು ಕಾಯಬಾರದು.

ವಕೀಲರು ಹೇಳಿದ ಪಕ್ಷದಲ್ಲೂ ನೋಡಿ. 2021ರಲ್ಲಿ ಗೆದ್ದ ನಾಲ್ವರಲ್ಲಿ ಇಬ್ಬರು ಗೆದ್ದದ್ದು ಮೀಸಲಲ್ಲದ ಕ್ಷೇತ್ರದಲ್ಲಿ. ನಾಗಪಟ್ಟಣದಲ್ಲಿ ಗೆದ್ದವರು ಮುಸ್ಲಿಂ.

ನಮ್ಮ ಊರಿನ ಮಾತಿಗೆ ಬರೋಣ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಕಾರ್ಯಕ್ರಮಕ್ಕೆ ಹೋಗುವ ಎಷ್ಟು ಜನರಿಗೆ ಅವರು ಯಾರು ಅಂತ ಗೊತ್ತು? ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ದಲಿತರ ಏಳಿಗೆಗೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ತಾವು ಓದಿಸಿದ ಮಗು ಮುಂದೆ ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಆ ಸಂಸ್ಥೆಗೂ ಹೋಗಿದ್ದರು.

ನಾನು 31 ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ರಂಗರಾಯರ ವಿಷಯ ನನಗೆ ತಿಳಿದದ್ದು ನಿವೃತ್ತಿಗೆ ಐದು ವರ್ಷ ಇರುವಾಗ. ಅಷ್ಟು ವರ್ಷ ಮಕ್ಕಳಿಗೆ ಹೇಳಲಿಲ್ಲವಲ್ಲ ಎಂಬ ನೋವು ಈಗಲೂ ಉಂಟು.

ಬುಟ್ಟಿ ಹೆಣೆಯುವವರ ಮಗಳು

ಮೇಷ್ಟ್ರೇ, ನಿಮ್ಮ ಮಾತು ಓದಿ ಬರೆಯಬೇಕು ಅನಿಸಿತು. ಇಷ್ಟು ದಿನ ಇಲ್ಲಿ ಓದುತ್ತಿದ್ದೆ ಅಷ್ಟೆ.

ನಾವು ಕೊರಗರು. ಅಜ್ಜಿ ಕಾಡುಬಳ್ಳಿ ತಂದು ಬುಟ್ಟಿ ಹೆಣೆಯುತ್ತಿದ್ದರು. ಅಪ್ಪ ಡೋಲು ಬಾರಿಸುತ್ತಿದ್ದರು. ಡೋಲು ನಮ್ಮದೇ ವಾದ್ಯ, ಅದರ ಬಗ್ಗೆ ನನಗೆ ಹೆಮ್ಮೆ ಉಂಟು. ಆದರೆ ಕಂಬಳದ ಹಿಂದಿನ ರಾತ್ರಿ ಗದ್ದೆ ಬದಿಯಲ್ಲಿ ಮಂಜಿನಲ್ಲಿ ಕೂತು ಬೆಳಗಾಗುವವರೆಗೆ ಬಾರಿಸು ಅಂತ ಕರೆಯುವುದು ಬೇರೆ. ಕೋಣ ಓಡಿಸುವ ಮೊದಲು ನಮ್ಮವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು. ಕಾಯಿಲೆ ಹೋಗಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನ ನಮ್ಮವರಿಗೆ ತಿನ್ನಿಸುತ್ತಿದ್ದರು. ಇದಕ್ಕೆಲ್ಲ ಅಜಲು ಅಂತ ಹೆಸರು. 2000ದಲ್ಲಿ ಸರ್ಕಾರ ಕಾಯ್ದೆ ಮಾಡಿ ಅಜಲು ಪದ್ಧತಿ ನಿಷೇಧಿಸಿತು. ಒಂದು ಸಮುದಾಯದ ಹೆಸರಲ್ಲೇ ಅಂಥ ಕಾಯ್ದೆ ಬೇಕಾಯಿತು ಅಂದರೆ ನೀವೇ ಯೋಚಿಸಿ.

ಕಾಯ್ದೆ ಬಂದ ಮೇಲೂ ನಮ್ಮ ಮನೆಗೆ ಕರೆ ಬಂತು. ಅಪ್ಪ ಬರುವುದಿಲ್ಲ ಅಂದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮರುವಾರದಿಂದ ಯಾರ ತೋಟದಲ್ಲೂ ಅಪ್ಪನಿಗೆ ಕೆಲಸ ಇರಲಿಲ್ಲ. ಅಂಗಡಿಯಲ್ಲಿ ಸಾಲದ ಪುಸ್ತಕ ಮುಚ್ಚಿತು. ಇದಕ್ಕೆ ಯಾವ ಕಾಯ್ದೆಯಲ್ಲಿ ಕೇಸು ಹಾಕುವುದು? ಆಗ ನಾಲ್ಕು ಊರಿನ ನಮ್ಮ ಸಂಘದವರು ಅಕ್ಕಿ ತಂದು ಕೊಟ್ಟರು, ಎರಡು ತಿಂಗಳು. ಮತ ಕೇಳಲು ಬಂದಿದ್ದ ಯಾವ ಪಕ್ಷದವರೂ ಬರಲಿಲ್ಲ. ಅಪ್ಪ ಆಮೇಲೆ ಪೇಟೆಗೆ ಹೋಗಿ ಪೌರಕಾರ್ಮಿಕರಾದರು.

ನಮ್ಮ ಕೊರಗಜ್ಜನ ಕಟ್ಟೆ ಈಗ ಎಲ್ಲ ಕಡೆ ಉಂಟು. ಕಳೆದುಹೋದ ವಸ್ತು ಸಿಕ್ಕಿದರೆ ಚಕ್ಕುಲಿ, ವೀಳ್ಯ ಇಟ್ಟು ಕೈ ಮುಗಿಯುತ್ತಾರೆ. ನನಗೆ ಅದು ಸಂತೋಷವೇ. ಹಾಗೆ ಕೈ ಮುಗಿದವರೇ ನಾನು ನೀರು ಕೇಳಿದಾಗ ಲೋಟ ಹುಡುಕುತ್ತಾ ಒಳಗೆ ಹೋಗಿ, ಬೇರೆ ಲೋಟ ತಂದದ್ದೂ ಉಂಟು.

ಪಕ್ಷ ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಅಪ್ಪನಿಗೆ ಕೆಲಸ ನಿಂತ ಆ ಎರಡು ತಿಂಗಳಲ್ಲಿ ಯಾರು ಬರುತ್ತಾರೋ ಅವರೇ ನನ್ನ ಪಕ್ಷ.

ಕಾರ್ಕಳದ ಕೃಷಿಕ

ತಂಗಿ, ಓದಿ ತುಂಬಾ ಬೇಸರವಾಯಿತು. ನನ್ನ ತೋಟದಲ್ಲೂ ಕೆಲಸದವರಿದ್ದಾರೆ. ಮತ ಹಾಳು ಅಂತ ಬರೆದೆನಲ್ಲ, ನಿಮ್ಮ ಮನೆಯ ವಿಷಯ ಓದಿದ ಮೇಲೆ ಆ ಮಾತು ಸಣ್ಣದು ಅನಿಸುತ್ತದೆ.

ಆದರೂ ಒಂದು ಪ್ರಶ್ನೆ. ಕಷ್ಟಕ್ಕೆ ಬಂದದ್ದು ಸಂಘ. ಹಾಗಿದ್ದರೆ ಸಂಘವೇ ಸಾಲದಾ? ಪಕ್ಷ ಯಾಕೆ ಬೇಕು?

ಸುಳ್ಯದಿಂದ ಒಬ್ಬ

ಸಂಘ ಅಕ್ಕಿ ಕೊಡುತ್ತದೆ, ಜೊತೆಗೆ ನಿಲ್ಲುತ್ತದೆ. ಭೂಮಿ ಕೊಡಲು ಸಂಘಕ್ಕೆ ಆಗುವುದಿಲ್ಲ. ಅದಕ್ಕೆ ಅಧಿಕಾರ ಬೇಕು.

1974ರ ಭೂಸುಧಾರಣೆಯ ವಿಷಯ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ಹೇಳಬೇಕಾದದ್ದೇ. ಚಾಲಗೇಣಿಯವರು, ಅಂದರೆ ಒಡೆಯ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿದಾರರು, 7ನೇ ನಂಬ್ರದ ಫಾರಂ ತುಂಬಿಸಿ ಡಿಕ್ಲರೇಶನ್ ಕೊಟ್ಟರು, ಉಳುವವನೇ ಒಡೆಯನಾದ. ಬಿಲ್ಲವರು, ಬಂಟರು, ಗೌಡರು, ಕ್ರೈಸ್ತರು, ಎಷ್ಟೋ ಮನೆಗಳು ಅದರಿಂದ ಎದ್ದು ನಿಂತವು. ಆದರೆ ಆ ಫಾರಂ ತುಂಬಲು ಗೇಣಿದಾರ ಆಗಿರಬೇಕಿತ್ತು. ನಮ್ಮವರು ಗೇಣಿದಾರರಲ್ಲ, ಮೂಲದ ಆಳುಗಳು, ಅಂದರೆ ತಲೆಮಾರುಗಳಿಂದ ಒಡೆಯನ ಮನೆಗೆ ಕಟ್ಟುಬಿದ್ದವರು. ಗದ್ದೆಯಲ್ಲಿ ಹೆಚ್ಚು ದುಡಿದವರು ನಾವೇ, ಆದರೆ ರಸೀದಿ ನಮ್ಮ ಹೆಸರಲ್ಲಿರಲಿಲ್ಲ. ಒಡೆಯ ಬದಲಾದ, ಆಳು ಆಳಾಗಿಯೇ ಉಳಿದ. ಕೊನೆಗೆ ಸಿಕ್ಕಿದ್ದು ಐದು ಸೆಂಟ್ಸ್ ಕಾಲನಿ. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿದರೆ ಬಾವಿ ತೋಡಲು ಜಾಗ ಇಲ್ಲ. ಮಗ ಮದುವೆಯಾದರೆ ಇನ್ನೊಂದು ಮನೆಗೆ ಜಾಗ ಇಲ್ಲ. ಯಾರಾದರೂ ಸತ್ತರೆ ಹೂಳಲು ಜಾಗ ಇಲ್ಲ.

ಇದಕ್ಕಿಂತ ಮೊದಲೇ, ಬ್ರಿಟಿಷರ ಕಾಲದಲ್ಲಿ, ನಮ್ಮವರಿಗೆಂದೇ ಬೇರೆ ಇಟ್ಟ ಭೂಮಿ ಉಂಟು. ಡಿ.ಸಿ. ಮನ್ನಾ ಅಂತ ಕರೆಯುತ್ತಾರೆ. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ತುಂಬಾ ಜನ ತಿಳಿದಿದ್ದಾರೆ, ಅಲ್ಲ. ಡಿಪ್ರೆಸ್ಡ್ ಕ್ಲಾಸ್, ಬ್ರಿಟಿಷರು ದಲಿತರನ್ನು ಕರೆಯುತ್ತಿದ್ದ ಹೆಸರು. ಎರಡೂ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಅಂಥ ಭೂಮಿ ಇದೆ. ಎಷ್ಟೋ ಕಡೆ ಅದರಲ್ಲಿ ಬೇರೆಯವರ ರಬ್ಬರ್, ಅಡಿಕೆ ಬೆಳೆದಿದೆ. ನಮ್ಮ ಸಂಘಟನೆಗಳು ತಾಲೂಕು ಕಚೇರಿ ಎದುರು ಎಷ್ಟು ಸಲ ಧರಣಿ ಕೂತಿವೆಯೋ ಲೆಕ್ಕ ಇಲ್ಲ. ಸರ್ವೆ ಮಾಡುತ್ತೇವೆ ಅಂತಾರೆ, ಎದ್ದು ಬರುತ್ತೇವೆ. ಒತ್ತುವರಿ ಬಿಡಿಸಿ ಅಂತ ದೊಡ್ಡ ಪಕ್ಷದ ಯಾವ ನಾಯಕ ಹೇಳುತ್ತಾನೆ? ಒತ್ತುವರಿ ಮಾಡಿದವರ ಮನೆಯಲ್ಲೇ ಅವರ ಬೂತ್ ಸಮಿತಿಯ ಸಭೆ ನಡೆಯುವುದು.

ಮೀಸಲು ಕ್ಷೇತ್ರದ ವಿಷಯ ಕಾರ್ಕಳದವರು ಎತ್ತಿದ್ದಾರೆ. ನಾನು ಸುಳ್ಯದವನು, ಹಾಗಾಗಿ ಹೇಳಬೇಕು. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ದಲಿತರು, ಗೆಲ್ಲಿಸುವವರು ಎಲ್ಲರೂ. ಟಿಕೆಟ್ ಕೊಡುವುದು ಪಕ್ಷ. ಗೆದ್ದವರು ಎಷ್ಟೇ ಒಳ್ಳೆಯವರಾದರೂ ಪಕ್ಷ ಮತ್ತು ಬಹುಮತದವರು ಒಪ್ಪದ ಮಾತು ಎತ್ತುವುದು ಕಷ್ಟ. ದಲಿತರೇ ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರವನ್ನು ಅಂಬೇಡ್ಕರ್ ಕೇಳಿದ್ದು ಇದಕ್ಕೇ. 1932ರ ಪೂನಾ ಒಪ್ಪಂದದಲ್ಲಿ ಅದು ಹೋಯಿತು, ಸ್ಥಾನಗಳ ಸಂಖ್ಯೆ ಹೆಚ್ಚಾಯಿತು. ಹೆಚ್ಚು ಸ್ಥಾನ ಸಿಕ್ಕಿತು, ಸ್ವಂತ ಬಾಯಿ ಸಿಗಲಿಲ್ಲ. ಸಣ್ಣ ಪಕ್ಷ ಗೆಲ್ಲದಿದ್ದರೂ ಅದಕ್ಕೆ ಸ್ವಂತ ಬಾಯಿ ಇರುತ್ತದೆ.

ಕುಂದಾಪುರದವಳು

ಸುಳ್ಯದ ಅಣ್ಣ ಹಳ್ಳಿಯ ವಿಷಯ ಹೇಳಿದರು. ನಾನು ಪೇಟೆಯದ್ದು ಹೇಳುತ್ತೇನೆ.

ನಾನು ಉಡುಪಿಯಲ್ಲಿ ನರ್ಸ್ ಕೆಲಸದಲ್ಲಿದ್ದೇನೆ. ಬಾಡಿಗೆ ಮನೆ ಹುಡುಕಲು ಹೋದಾಗ ಜಾತಿ ಕೇಳುವುದಿಲ್ಲ. ಊರು ಕೇಳುತ್ತಾರೆ. ಊರಲ್ಲಿ ಯಾವ ಕಡೆ ಅಂತ ಕೇಳುತ್ತಾರೆ. ಅಪ್ಪನ ಹೆಸರು, ಮನೆಯ ದೈವ ಕೇಳುತ್ತಾರೆ. ಆಮೇಲೆ ಮನೆ ಬೇರೆಯವರಿಗೆ ಮಾತಾಗಿದೆ ಅಂತ ಹೇಳುತ್ತಾರೆ. ನಾಲ್ಕು ಮನೆಗಳಲ್ಲಿ ಹೀಗಾಯಿತು. ಐದನೆಯ ಮನೆಯವರು, ವಯಸ್ಸಾದ ಅಮ್ಮ ಒಬ್ಬರು, ಏನೂ ಕೇಳದೆ ಬೀಗದ ಕೈ ಕೊಟ್ಟರು. ಅವರ ಋಣ ನನ್ನ ಮೇಲಿದೆ.

2016ರ ಅಕ್ಟೋಬರ್ 9ರಂದು ಚಲೋ ಉಡುಪಿ ಸಮಾವೇಶಕ್ಕೆ ಹೋಗಿದ್ದೆ. ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ದಲಿತರಿಗೆ ಹೊಡೆದ ಮೇಲೆ, ನಮ್ಮ ಜಿಲ್ಲೆಯಲ್ಲೂ ದನದ ಹೆಸರಲ್ಲಿ ಒಬ್ಬ ಹುಡುಗನ ಜೀವ ಹೋದ ಮೇಲೆ ನಡೆದ ಜಾಥಾ. ಬೆಂಗಳೂರಿನಿಂದ ಹೊರಟು ಬಂದಿತ್ತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಅಂತ ಎಲ್ಲರ ಜೊತೆ ಕೂಗಿದೆ. ಅಷ್ಟು ಜನರ ನಡುವೆ ನಿಂತಾಗ ನಾನು ಒಬ್ಬಳೇ ಅಲ್ಲ ಅಂತ ಮೊದಲ ಸಲ ಅನಿಸಿತು. ಸಂಜೆ ಬಸ್ಸುಗಳು ಹೊರಟುಹೋದವು. ಮರುದಿನ ನನ್ನ ಊರು ಹೇಗಿತ್ತೋ ಹಾಗೇ ಇತ್ತು. ಸಮಾವೇಶದ ತಪ್ಪಲ್ಲ ಅದು. ಮರುದಿನವೂ ಊರಲ್ಲೇ ಇರುವವರು ಬೇಕು, ಅಷ್ಟೆ.

ಪಕ್ಷ ಕಟ್ಟುವುದಾದರೆ ನನ್ನದೊಂದು ಷರತ್ತು. ಅರ್ಧ ಜಾಗ ಹೆಂಗಸರಿಗೆ ಇರಬೇಕು. ಕಂಬ ನಿಲ್ಲಿಸುವಾಗ ಅಡಿಗೆಗೆ ನಾವು, ಭಾಷಣಕ್ಕೆ ಅವರು ಅಂತ ಆಗಬಾರದು.

ಮಲ್ಪೆ ಬಂದರು

ನಾನು ದಲಿತನಲ್ಲ. ಇಲ್ಲಿ ಬರೆಯಬಹುದಾ ಅಂತ ಎರಡು ದಿನ ಯೋಚಿಸಿದೆ.

ನಾನು ಸಣ್ಣವನಿದ್ದಾಗ ನಮ್ಮ ಮನೆಗೆ ತೆಂಗಿನಕಾಯಿ ಹೆಕ್ಕಲು ಒಬ್ಬರು ಬರುತ್ತಿದ್ದರು. ಅವರಿಗೆ ಚಾ ಕೊಡುತ್ತಿದ್ದದ್ದು ಗೆರಟೆಯಲ್ಲಿ. ಅಂಗಳದ ತುದಿಯಲ್ಲಿ ಕೂತು ಕುಡಿಯುತ್ತಿದ್ದರು. ಆಮೇಲೆ ಗೆರಟೆ ಹೋಗಿ ಸ್ಟೀಲ್ ಲೋಟ ಬಂತು. ಆದರೆ ಆ ಲೋಟ ಅಡಿಗೆಮನೆಗೆ ಬರುತ್ತಿರಲಿಲ್ಲ, ಹಿಂದಿನ ಚಡಿಯ ಮೇಲೆ ಬೇರೆ ಇರುತ್ತಿತ್ತು. ನನ್ನ ಅಮ್ಮ ಕೆಟ್ಟವರಲ್ಲ. ಅವರ ಹೆಂಡತಿಯ ಬಾಣಂತನಕ್ಕೆ ಬೆಲ್ಲ, ಅಕ್ಕಿ ಎಲ್ಲ ಕಳಿಸಿದ್ದರು. ಆದರೆ ಲೋಟ ಬೇರೆಯೇ ಇತ್ತು. ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಆ ಲೋಟ ಕಣ್ಣಿಗೆ ಬಿತ್ತು. ಯಾರದು ಅಂತ ಮಗಳು ಕೇಳಿದಳು. ನನಗೆ ಹೇಳಲು ಬಾಯಿ ಬರಲಿಲ್ಲ.

ನಮ್ಮಲ್ಲಿ ಜಾತಿ ಇಲ್ಲ, ಎಲ್ಲರೂ ಒಟ್ಟಿಗೆ ಇದ್ದೇವೆ ಅಂತ ಕರಾವಳಿಯವರು ಹೇಳುತ್ತೇವೆ. ನಾನೂ ಹೇಳುತ್ತಿದ್ದೆ. ದಲಿತರಲ್ಲದವರು ಅಂಥ ಪಕ್ಷಕ್ಕೆ ಮಾಡಬಹುದಾದ ಮೊದಲ ಕೆಲಸ ಈ ಮಾತು ನಿಲ್ಲಿಸುವುದು. ಎರಡನೆಯದು, ನಾಯಕತ್ವ ಕೇಳದೆ ಹಿಂದೆ ನಿಂತು ಕೆಲಸ ಮಾಡುವುದು. ನನಗೆ ಟೆಂಪೊ ಉಂಟು. ಸಭೆಗೆ ಜನ ಕರೆದುಕೊಂಡು ಬರುವ ಕೆಲಸ ನನಗಿರಲಿ.

ಬಂಟ್ವಾಳದ ವಕೀಲ

ಮಾತು ಇಷ್ಟು ಮುಂದೆ ಬಂದಿದೆ, ನಿಯಮಗಳನ್ನು ಸ್ವಲ್ಪ ಹೇಳಿಬಿಡುತ್ತೇನೆ.

ಪಕ್ಷ ನೋಂದಣಿ ಮಾಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ. ಕಟ್ಟಿದ 30 ದಿನದೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ, ಮತದಾರರಾಗಿರುವ ಕನಿಷ್ಠ 100 ಸದಸ್ಯರು, 10,000 ರೂಪಾಯಿ ಶುಲ್ಕ. ಇಷ್ಟು ದೊಡ್ಡ ಕೆಲಸವಲ್ಲ. ಇಂಥ ನೋಂದಾಯಿತ ಪಕ್ಷಗಳು ದೇಶದಲ್ಲಿ ರಾಶಿ ಇವೆ, ಹೆಚ್ಚಿನವು ಹೆಸರಿಗೆ ಮಾತ್ರ. ವಿಧಾನಸಭೆಗೆ ನಿಲ್ಲಲು ಠೇವಣಿ 10,000, ಪರಿಶಿಷ್ಟರಿಗೆ 5,000. ಚಲಾವಣೆಯಾದ ಮತದಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಹೋಗುತ್ತದೆ. ಕಾರ್ಕಳದವರ ಹೆದರಿಕೆ ಸುಳ್ಳಲ್ಲ.

ಆದರೆ ಎಲ್ಲರೂ ಮರೆಯುವ ಒಂದು ವಿಷಯ ಉಂಟು. ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ಅಲ್ಲಿ ದೊಡ್ಡ ಪಕ್ಷಕ್ಕೂ ಚಿಹ್ನೆ ಇಲ್ಲ, ನಮಗೂ ಇಲ್ಲ. ವಾರ್ಡ್ ಸಣ್ಣದು, ಎಲ್ಲರೂ ಮುಖ ಪರಿಚಯದವರು. 7 ಪರ್ಸೆಂಟ್ ಅನ್ನುವುದು ಜಿಲ್ಲೆಯ ಲೆಕ್ಕ. ಕಾಲನಿ ಇರುವ ವಾರ್ಡಿನಲ್ಲಿ ಆ ಲೆಕ್ಕವೇ ಬೇರೆ. ಒಂದು ತಾಲೂಕಿನಲ್ಲಿ 10 ಸದಸ್ಯರು ಒಂದೇ ಮಾತು ಹಿಡಿದು ನಿಂತರೆ ಸಾಕು. ಪಂಚಾಯತಿನ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಇಡಬೇಕಾದ ಶೇ. 25ರ ನಿಧಿ ಎಲ್ಲಿ ಹೋಯಿತು ಅಂತ ಗ್ರಾಮಸಭೆಯಲ್ಲಿ ಕೇಳಬಹುದು. ಡಿ.ಸಿ. ಮನ್ನಾ ಜಾಗದ ಸರ್ವೆ ನಂಬ್ರ ಬರೆಸಿ ನಿರ್ಣಯ ಮಾಡಿಸಬಹುದು. ಪೊಲೀಸರು ನಡೆಸುವ ದಲಿತರ ಕುಂದುಕೊರತೆ ಸಭೆಗೆ ಒಬ್ಬೊಬ್ಬರೇ ಹೋಗುವ ಬದಲು ಹತ್ತು ಜನ ಒಟ್ಟಿಗೆ ಹೋಗಬಹುದು.

ತಂಗಿ, ನಿಮ್ಮ ಪ್ರಶ್ನೆಗೂ ಉತ್ತರ ಉಂಟು. ಕೆಲಸ ನಿಲ್ಲಿಸಿ, ಅಂಗಡಿ ಸಾಲ ನಿಲ್ಲಿಸಿ ಒಂದು ಮನೆಯನ್ನು ದಾರಿಗೆ ತರಲು ನೋಡುವುದಕ್ಕೆ ಬಹಿಷ್ಕಾರ ಅಂತ ಹೆಸರು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು ಈಗ ಅಪರಾಧ. ಆಗ ಇದನ್ನು ನಿಮ್ಮ ಅಪ್ಪನಿಗೆ ಹೇಳುವವರು ಯಾರೂ ಇರಲಿಲ್ಲ.

ದಕ್ಕೆ ಮೆಕ್ಯಾನಿಕ್, ಮಂಗಳೂರು

ಎಲ್ಲರೂ ಬರೆದದ್ದನ್ನು ಬೋಟಿನ ಇಂಜಿನ್ ರೂಮಿನಲ್ಲಿ ಕೂತು ಎರಡು ಸಲ ಓದಿದೆ. ಪಕ್ಷ ಅಂದರೆ ಎಂ.ಎಲ್.ಎ. ಅಂತಲೇ ತಿಳಿದಿದ್ದೆ ನಾನು. ಚಿದಂಬರದ ಆ ಅಪ್ಪ ಹೇಳಿದ ಕುರ್ಚಿಯ ಮಾತು ಈಗ ಸರಿಯಾಗಿ ಅರ್ಥವಾಗುತ್ತಿದೆ. ಅವರು ಯಾವ ಚುನಾವಣೆಯ ಮಾತೂ ಆಡಲಿಲ್ಲ.

ನಿನ್ನೆ ಹುಡುಗನಿಗೆ ಫೋನ್ ಮಾಡಿದ್ದೆ. ಅವನು ಈಗ ಮಲ್ಪೆಯ ಬೋಟಿನಲ್ಲಿದ್ದಾನೆ. ಕಾಲನಿಯ ಆ ಕಂಬಕ್ಕೆ ದುಡ್ಡು ಕೊಟ್ಟದ್ದು ಯಾರು ಅಂತ ಕೇಳಿದೆ. ಪಕ್ಷ ಕಳಿಸಿದ್ದು ಅಂದುಕೊಂಡಿದ್ದೆ. ಅಲ್ಲವಂತೆ. ಪ್ರತಿ ಮನೆಯಿಂದ ಒಂದು ದಿನದ ಕೂಲಿ ಎತ್ತಿದರಂತೆ. ನಾಲ್ಕು ಮನೆಯವರು ಕೊಡಲಿಲ್ಲ, ಅವರಿಗೆ ಬೇರೆ ಪಕ್ಷ ಇಷ್ಟ, ಅವರ ಮೇಲೆ ಯಾರೂ ಸಿಟ್ಟು ಮಾಡಲಿಲ್ಲ ಅಂತಲೂ ಹೇಳಿದ.

ಕಾರ್ಕಳದ ಕೃಷಿಕ

ಹೆಸರು, ಚಿಹ್ನೆ ಎಲ್ಲ ಆಮೇಲೆ ನೋಡೋಣ. ಸರ್ವೆ ಕಾಗದ ಓದುವುದು ನನಗೆ ಚೆನ್ನಾಗಿ ಬರುತ್ತದೆ. ಆರ್.ಟಿ.ಸಿ., ಅಡಂಗಲ್, ನಕ್ಷೆ ಏನಿದ್ದರೂ ತನ್ನಿ. ತಂಗಿ, ನಿಮ್ಮ ಊರಿನ ಡಿ.ಸಿ. ಮನ್ನಾ ಜಾಗದಿಂದಲೇ ಶುರು ಮಾಡೋಣವಾ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿ.ಪಿ.ಎಲ್. ಕಾರ್ಡ್ ಇದ್ದರೆ ಅದೂ ಬೇಡ. 30 ದಿನದಲ್ಲಿ ಉತ್ತರ ಕೊಡಬೇಕು.

ಕಾಪು ಮೇಷ್ಟ್ರು

ಅರ್ಜಿ ನಾನು ಬರೆದುಕೊಡುತ್ತೇನೆ. ಅಕ್ಷರ ದುಂಡಗಿದೆ.

ಬುಟ್ಟಿ ಹೆಣೆಯುವವರ ಮಗಳು

ನಮ್ಮ ಕಾಲನಿಯಲ್ಲಿ 14 ಮನೆ ಉಂಟು. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ಒಂದು ದಿನದ ಕೂಲಿ ಕೊಡುತ್ತೀರಾ ಅಂತ ಕೇಳಿ ನೋಡುತ್ತೇನೆ. ಕಂಬಕ್ಕೆ ಬೇಡ, ಮೊದಲು ಸರ್ವೆ ಫೀಸಿಗೆ. ಅಪ್ಪನಿಗೆ ರಾತ್ರಿ ಇದನ್ನೆಲ್ಲ ಓದಿ ಹೇಳಿದೆ. ತನ್ನದು ಎರಡು ದಿನದ್ದು ಬರೆದುಕೋ ಅಂದರು.